ಇನ್ನೊಮ್ಮೆ ಎಂಬ ಮಾತು

"ಗುರುಗಳೇ, ಹಿರಿಯರಿಗೆ ಕೊಡುವ ಗೌರವದಲ್ಲಿ ನಾವು ಎಲ್ಲಿ ತಪ್ಪಿದೆವು?" ಎಂದು ಶಿಷ್ಯ ಕೇಳಿದ.

ಬೆಳಗಿನ ಹಾಡು ಆಗತಾನೇ ಮುಗಿದಿತ್ತು. ಎಂದಿನಂತೆ ವೃದ್ಧರಾದ ಗುರುಗಳು ಹಾಡಿದ್ದರು, ಶಿಷ್ಯ ತಾಳ ಹಾಕಿದ್ದ. ಹಾಡು ಎಂದಿಗಿಂತ ಸ್ವಲ್ಪ ಬೇಗ ಮುಗಿದಿತ್ತು. ತಾಳಗಳು ಇನ್ನೂ ಶಿಷ್ಯನ ಕೈಯಲ್ಲಿಯೇ ಇದ್ದವು. ಅವುಗಳ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದ.

"ಬಿಡಿಸಿ ಹೇಳು" ಎಂದರು ಗುರುಗಳು.

ನಗರದ ಕಲಾಮಂದಿರದ ಹೊಣೆ ಆ ವರ್ಷ ಶಿಷ್ಯನ ಮೇಲಿತ್ತು. ಅವನು ಹೇಳಿದ: "ವಯಸ್ಸಾದವರು ಮನೆಯ ಮೂಲೆಯಲ್ಲಿ ಕೂರಬಾರದು, ನಗರದ ಹಾಡಿನಲ್ಲಿ, ನಾಟಕದಲ್ಲಿ ಅವರೂ ಇರಬೇಕು ಎಂದು ಮನೆಮನೆಗೆ ಹೋಗಿ ಕರೆದೆವು. ಬಂದರು. ಮೊದಲ ಸಾಲನ್ನು ಅವರಿಗೇ ಬಿಟ್ಟುಕೊಟ್ಟೆವು. ಶಾಲು ಹೊದಿಸಿದೆವು. ಅವರು ಹೇಗೆ ಹಾಡಿದರೂ ಚಪ್ಪಾಳೆ ತಟ್ಟಿದೆವು. ಈಗ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಿದ್ದಾರೆ. ಕೇಳಿದರೆ ಮಂಡಿನೋವು ಎನ್ನುತ್ತಾರೆ. ಅದೇ ಮಂಡಿಯಲ್ಲಿ ಅವರು ಸಂತೆಗೆ ನಡೆದು ಹೋಗುವುದನ್ನು ನಿನ್ನೆ ನಾನೇ ಕಂಡೆ. ನನಗೆ ಸಮಾಧಾನವಿಲ್ಲ. ಇನ್ನೂ ಏನು ಕೊಡಬೇಕಿತ್ತು?"

"ತಾಳ ಕೆಳಗಿಡು" ಎಂದು ಗುರುಗಳು ಕತೆ ಆರಂಭಿಸಿದರು.

ಒಂದು ನಗರದಲ್ಲಿ ಒಬ್ಬ ಹೆಂಗಸು ಸೀರೆಗಳಿಗೆ ಕಸೂತಿ ಹಾಕಿಸುತ್ತಿದ್ದಳು. ಅನೇಕ ಹುಡುಗಿಯರು ಆಕೆಯ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಕಸೂತಿಯಲ್ಲಿ ಗಂಟು ಕೂಡದು. ಬಟ್ಟೆಯ ಮುಂಭಾಗ ಹೇಗಿದೆಯೋ ಹಿಂಭಾಗವೂ ಹಾಗೆಯೇ ಇರಬೇಕು. ಆದ್ದರಿಂದ ಹುಡುಗಿ ಕೆಲಸ ಮುಗಿಸಿ ತಂದರೆ ಒಡತಿ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಸೆರಗನ್ನು ತಿರುವಿ ಹಿಂಭಾಗ ನೋಡುತ್ತಿದ್ದಳು. ಗಂಟು ಕಂಡರೆ ಆಕೆಯ ಬಾಯಿಂದ ಒಂದೇ ಮಾತು: "ಬಿಚ್ಚಿ ಹಾಕು." ಹುಡುಗಿಯರು ಬೆನ್ನ ಹಿಂದೆ ಆಕೆಯನ್ನು ತಿರುವಮ್ಮ ಎನ್ನುತ್ತಿದ್ದರು. ಅದು ಆಕೆಗೆ ಗೊತ್ತಿತ್ತು. ಆ ಹೆಸರು ತನಗೆ ತಕ್ಕದ್ದೇ ಎಂದುಕೊಂಡಿದ್ದಳು.

ವಯಸ್ಸಾಯಿತು. ಕಣ್ಣು ಮಂಜಾಯಿತು. ಕೆಲಸವನ್ನು ಸೊಸೆಗೆ ಒಪ್ಪಿಸಿದಳು. ಕೈಗಳು ಮಾತ್ರ ಒಪ್ಪಲಿಲ್ಲ. ಮನೆಯಲ್ಲಿ ದಿಂಬಿನ ಚೀಲ ಕಂಡರೆ ತಿರುವಿದಳು. ಬಾಗಿಲ ಪರದೆ ಕಂಡರೆ ತಿರುವಿದಳು. ಒಂದು ದಿನ ಊಟಕ್ಕೆ ಹಾಕಿದ ತಟ್ಟೆಯನ್ನೂ ತಿರುವಿ ತಳ ನೋಡಿದಳು.

"ಅತ್ತೆ, ಒಂದು ಕಡೆ ಕೂತುಕೊಳ್ಳಬಾರದೇ?" ಎಂದಳು ಸೊಸೆ.

"ಕೂತುಕೊಂಡೇ ಇದ್ದೇನಲ್ಲ. ಇನ್ನೆಷ್ಟು ಕೂತುಕೊಳ್ಳಲಿ?" ಎಂದಳು ಅತ್ತೆ.

ಆ ವರ್ಷವೇ ನಗರದ ವೃಂದಗಾನದವರು ವಯಸ್ಸಾದವರನ್ನೂ ಸೇರಿಸಿಕೊಳ್ಳುತ್ತೇವೆ ಎಂದು ಸಾರಿದರು. ವಸಂತೋತ್ಸವದ ದಿನ ಊರವರೆಲ್ಲರ ಮುಂದೆ ಹಾಡಬೇಕು. ಕಸೂತಿ ಹಾಕುವ ಹುಡುಗಿಯರೊಡನೆ ವರ್ಷಾನುಗಟ್ಟಲೆ ಗುನುಗಿದವಳು ಆಕೆ. ದನಿ ಸಣ್ಣದು, ಆದರೆ ಒಡೆದಿರಲಿಲ್ಲ. ಆಕೆ ಅಭ್ಯಾಸದ ಮಂದಿರಕ್ಕೆ ಹೋಗಿ ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತಳು.

ಹಾಡು ಕಲಿಸುವವನು ಕಿರಿಯ ವಯಸ್ಸಿನವನು, ಬಹಳ ಬಿಗಿ. ಅವನ ಮುಂದೆ ಒಂದು ಮಣೆ, ಕೈಯಲ್ಲಿ ಒಂದು ಕೋಲು. ಯಾರಾದರೂ ತಪ್ಪಿದರೆ ಕೋಲು ಮಣೆಯ ಮೇಲೆ ಬೀಳುತ್ತಿತ್ತು. ಹಾಡು ನಿಲ್ಲುತ್ತಿತ್ತು. ಅವನು ತಪ್ಪು ಎಲ್ಲಿ ಎಂದು ಹೇಳಿ, ಕೊನೆಯಲ್ಲಿ "ಇನ್ನೊಮ್ಮೆ" ಎನ್ನುತ್ತಿದ್ದ. ಆ ಮಾತಿಗೆ ವೃಂದದ ಹುಡುಗಿಯರು ನಡುಗುತ್ತಿದ್ದರು. ಕೆಲವರು ಅಳುತ್ತಿದ್ದರು. ಮೊದಲ ದಿನವೇ ಆಕೆಗೆ ಅವನು ಹಿಡಿಸಿದ. ಇವನೂ ಹಿಂಭಾಗ ನೋಡುವವನು ಎಂದುಕೊಂಡಳು.

ಪಲ್ಲವಿ ಮುಗಿದು ಚರಣ ಎತ್ತಿಕೊಳ್ಳುವಲ್ಲಿ ಒಂದು ಬಿಗಿಯಾದ ಜಾಗವಿತ್ತು. ತಾಳ ಬಿದ್ದ ಮೇಲೆ ಒಂದಿಷ್ಟು ಕಾದು ಎತ್ತಿಕೊಳ್ಳಬೇಕು. ಆಕೆ ಜೀವನದಲ್ಲಿ ಯಾವುದಕ್ಕೂ ಕಾದವಳಲ್ಲ. ತಾಳ ಬೀಳುವ ಮೊದಲೇ ಎತ್ತಿಕೊಂಡಳು. ಇಡೀ ಮಂದಿರದಲ್ಲಿ ತನ್ನ ದನಿಯೊಂದೇ ಬೇರೆಯಾಗಿ ನಿಂತದ್ದು ಆಕೆಗೇ ಕೇಳಿಸಿತು. ಕೋಲಿನ ಕಡೆಗೆ ನೋಡಿದಳು.

ಕೋಲು ಬೀಳಲಿಲ್ಲ.

ಹಾಡು ಮುಗಿದ ಮೇಲೆ ಶಿಕ್ಷಕ ಆಕೆಯ ಬಳಿಗೆ ಬಂದು ಕೈಮುಗಿದ. "ಸಂತೋಷ, ತಾಯಿ" ಎಂದ.

ಮರುದಿನ ಅದೇ ಜಾಗದಲ್ಲಿ ಹಾಗೆಯೇ ಆಯಿತು. ಮತ್ತೆ ಸಂತೋಷ. ಪಕ್ಕದಲ್ಲಿದ್ದ ಹುಡುಗಿ ಪಿಸುಗುಟ್ಟಿದಳು: "ಅಜ್ಜಿ, ನಿಮ್ಮದು ಪುಣ್ಯ. ನಾನು ಹಾಗೆ ಎತ್ತಿಕೊಂಡಿದ್ದರೆ ಇಷ್ಟು ಹೊತ್ತಿಗೆ ಅಳುತ್ತಿದ್ದೆ."

"ನಾನು ಹೇಗೆ ಎತ್ತಿಕೊಂಡೆ?"

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಚೆನ್ನಾಗಿಯೇ ಎತ್ತಿಕೊಂಡಿರಿ, ಅಜ್ಜಿ."

ಅಂದಿನಿಂದ ಆಕೆಗೆ ನೆಮ್ಮದಿ ಹೋಯಿತು. ಮನೆಯ ಕಂಬಕ್ಕೆ ಬೆರಳು ತಟ್ಟಿ ಆ ಜಾಗವನ್ನು ಹಿಡಿಯಲು ನೋಡಿದಳು. ಕಾಯಬೇಕು ಎಂಬುದು ತಿಳಿದಿತ್ತು. ಎಷ್ಟು ಎಂಬುದು ತಿಳಿಯಲಿಲ್ಲ. ತನ್ನ ಕಿವಿ ತನಗೆ ಹೇಳಲಾರದ್ದನ್ನು ಇನ್ನೊಬ್ಬರ ಕಿವಿ ಹೇಳಬೇಕಿತ್ತು. ಉತ್ಸವ ಹತ್ತಿರವಾಗುತ್ತಿತ್ತು. ಊರವರ ಮುಂದೆ ತಾನು ತಪ್ಪುವುದು ಖಂಡಿತ ಎಂದು ಆಕೆಗೆ ಗೊತ್ತಿತ್ತು. ಅದು ಶಿಕ್ಷಕನಿಗೂ ಗೊತ್ತಿರಲೇಬೇಕು. ಹಾಗಿದ್ದೂ ಅವನು ಯಾಕೆ ಹೇಳುವುದಿಲ್ಲ? ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗಿದಳು. ಕೂತರೆ ಕಾಲು ನಿಲ್ಲಲಿಲ್ಲ, ನಿಂತರೆ ಕೈ ನಿಲ್ಲಲಿಲ್ಲ.

ಕೊನೆಗೆ ಅವನನ್ನು ಪರೀಕ್ಷಿಸಿದಳು. ಚರಣದ ಮಾತುಗಳನ್ನು ಬೇಕೆಂದೇ ಅದಲುಬದಲು ಮಾಡಿ ಹಾಡಿದಳು. "ಸಂತೋಷ, ತಾಯಿ." ಇನ್ನೊಂದು ದಿನ ಹಾಡು ಮೊದಲಾಗಿ ಮುಗಿಯುವವರೆಗೂ ತುಟಿಯನ್ನೇ ತೆರೆಯಲಿಲ್ಲ.

ಶಿಕ್ಷಕ ಬಂದು ಕೈಮುಗಿದ. "ಇವತ್ತಂತೂ ಬಹಳ ಚೆನ್ನಾಗಿತ್ತು, ತಾಯಿ" ಎಂದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಆಕೆ ಆ ದಿನ ನೇರವಾಗಿ ಮನೆಗೆ ಹೋಗಲಿಲ್ಲ. ನಗರದ ಬೀದಿಗಳನ್ನು ಸುತ್ತಿದಳು. ನಡೆಯುತ್ತ ನಡೆಯುತ್ತ ಒಂದು ಕಡೆ ತಟ್ಟನೆ ನಿಂತಳು. ಈ ಚೆನ್ನಾಗಿತ್ತು ಎಂಬ ಮಾತನ್ನು, ಇದೇ ದನಿಯಲ್ಲಿ, ತಾನು ಎಲ್ಲಿಯೋ ಕೇಳಿದ್ದೇನೆ ಎನಿಸಿತು. ಬಹಳ ಹೊತ್ತಿನ ಮೇಲೆ ನೆನಪಾಯಿತು. ಕೇಳಿದ್ದಲ್ಲ, ಹೇಳಿದ್ದು.

ಉತ್ಸವದ ಹಿಂದಿನ ದಿನ ಕೊನೆಯ ಅಭ್ಯಾಸ. ಆಕೆ ಮಂದಿರಕ್ಕೆ ಬಂದಾಗ ಗಾಯಕರ ಸಾಲುಗಳ ಮುಂದೆ ಒಂದು ಕುರ್ಚಿ ಇತ್ತು. ಅದರ ಮೇಲೆ ಒಂದು ಹೊಸ ಶಾಲು.

"ತಾಯಿ, ನಾಳೆ ನೀವು ಇಲ್ಲಿ ಕೂರಬೇಕು" ಎಂದ ಶಿಕ್ಷಕ. "ಹಿಂದೆ ನಿಂತು ಹಾಡಿದರೆ ಕಾಲು ನೋಯುತ್ತದೆ. ಹಿರಿಯರು ಮುಂದಿದ್ದರೆ ನಮಗೂ ಶೋಭೆ."

ಆಕೆ ಕೂತಳು. ಅವನೇ ಶಾಲು ಹೊದಿಸಿದ. ನಂತರ ಕುರ್ಚಿಯ ಹಿಂದೆ, ಆಕೆಗೆ ಬೆನ್ನು ಮಾಡಿ, ಗಾಯಕರ ಕಡೆಗೆ ಮುಖ ಮಾಡಿ ನಿಂತ. ಹಾಡು ಆರಂಭವಾಯಿತು. ಪಲ್ಲವಿ ಮುಗಿಯಿತು. ಚರಣದ ಜಾಗ ಬಂತು. ಆಕೆ ಮೊದಲೇ ಎತ್ತಿಕೊಂಡಳು. ಆ ಕ್ಷಣಕ್ಕೆ ಹಿಂದಿನಿಂದ ಎಲ್ಲರ ದನಿಯೂ ಒಮ್ಮೆಗೇ ಏರಿತು. ಆಕೆಯ ದನಿ ಮುಳುಗಿಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಹಾಡುತ್ತಲೇ ಇರುತ್ತಿದ್ದರು. ಆಕೆ ಹಿಂಭಾಗ ನೋಡುವ ಅಭ್ಯಾಸದವಳು. ತಿರುಗಿದಳು. ಶಿಕ್ಷಕನ ಎಡಗೈ ಅಂಗೈ ಮೇಲ್ಮುಖವಾಗಿ ಎದ್ದಿತ್ತು. ಜೋರಾಗಿ, ಇನ್ನೂ ಜೋರಾಗಿ ಎಂದು ಅದು ಗಾಯಕರಿಗೆ ಹೇಳುತ್ತಿತ್ತು.

ಆಕೆ ಎದ್ದಳು. ಶಾಲು ತೆಗೆದಳು. ಅಂಚಿಗೆ ಅಂಚು ಸೇರಿಸಿ ಮಡಿಸಿ ಕುರ್ಚಿಯ ಮೇಲಿಟ್ಟಳು. ಹಿಂದಿನ ಸಾಲಿಗೆ ಹೋಗಿ ತನ್ನ ಜಾಗದಲ್ಲಿ ನಿಂತಳು. ಹಾಡು ತಾನಾಗಿಯೇ ನಿಂತಿತು.

"ಮೇಷ್ಟ್ರೇ, ನಾನು ತಪ್ಪಿದೆ" ಎಂದಳು.

"ಪರವಾಗಿಲ್ಲ, ತಾಯಿ."

"ಯಾರಿಗೆ ಪರವಾಗಿಲ್ಲ?"

ಶಿಕ್ಷಕ ತಲೆ ತಗ್ಗಿಸಿದ. "ನೀವು ನನ್ನ ಅಜ್ಜಿಯ ವಯಸ್ಸಿನವರು. ಇಷ್ಟು ಜನರ ಮುಂದೆ ನಿಮ್ಮನ್ನು ತಿದ್ದುವಷ್ಟು ದೊಡ್ಡವನೇ ನಾನು? ನಮ್ಮ ಮನೆಯಲ್ಲಿ ನನಗೆ ಹಾಗೆ ಕಲಿಸಿಲ್ಲ."

"ನನ್ನ ಕೈಕೆಳಗೆ ಬಹಳ ಹುಡುಗಿಯರು ಕೆಲಸ ಮಾಡಿದರು" ಎಂದಳು ಆಕೆ. "ಯಾರನ್ನು ಉಳಿಸಿಕೊಳ್ಳಬೇಕೆಂದಿದ್ದೆನೋ ಅವರ ಸೆರಗನ್ನು ತಿರುವಿ ನೋಡುತ್ತಿದ್ದೆ. ಯಾರಿಗೆ ಇನ್ನು ಕೆಲಸ ಕೊಡುವುದಿಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದೆನೋ ಅವರ ಸೆರಗನ್ನು ತಿರುವುತ್ತಿರಲಿಲ್ಲ. ಚೆನ್ನಾಗಿದೆ ಎನ್ನುತ್ತಿದ್ದೆ. ಅವರು ನಗುತ್ತ ಮನೆಗೆ ಹೋಗುತ್ತಿದ್ದರು. ನನ್ನನ್ನು ಬಿಡುವುದಾದರೆ ಬಾಯಿಬಿಟ್ಟು ಹೇಳಿ, ಮೇಷ್ಟ್ರೇ. ಹೋಗುತ್ತೇನೆ. ಶಾಲು ಹೊದಿಸಿ ಕಳುಹಿಸಬೇಡಿ."

ಶಿಕ್ಷಕ ಕೆಳಗೆ ಕೂತು ಮಣೆಯನ್ನು ಮುಂದಕ್ಕೆಳೆದುಕೊಂಡ. ಕೋಲು ಎತ್ತಿದ. ಮೊದಲ ಪೆಟ್ಟು ಮಣೆಯ ಅಂಚಿಗೆ ಬಿದ್ದು ಜಾರಿತು. ಮತ್ತೆ ಹೊಡೆದ.

"ಹಿಂದಿನ ಸಾಲು. ಎಡತುದಿ. ತಾಳ ಬೀಳುವ ಮೊದಲೇ ಎತ್ತಿಕೊಂಡಿರಿ." ಅವನು ಕೋಲನ್ನು ಮತ್ತೆ ಎತ್ತಿದ. "ಇನ್ನೊಮ್ಮೆ."

ಆಕೆ ಹಾಡಿದಳು. ತಪ್ಪಿದಳು. "ಇನ್ನೊಮ್ಮೆ." ಮತ್ತೆ ತಪ್ಪಿದಳು. ಪಕ್ಕದ ಹುಡುಗಿಗೆ ನಗು ಬಂತು. "ನಗುವವರೂ ಇನ್ನೊಮ್ಮೆ" ಎಂದ ಶಿಕ್ಷಕ. ಹುಡುಗಿಯ ನಗು ನಿಂತಿತು. ಆಕೆಯ ತಪ್ಪು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಶಿಕ್ಷಕ ತಾಯಿ ಎನ್ನುವುದನ್ನೂ ಮರೆತ.

"ಎಷ್ಟು ಸಲ ಹೇಳಬೇಕು ನಿಮಗೆ? ಕಾಯಿರಿ ಎಂದರೆ ಕಾಯಬೇಕು!"

ಕೂಗಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದ. ಆಕೆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ಕಾಯಬೇಕು ಎಂಬುದು ನನಗೂ ಗೊತ್ತು, ಮೇಷ್ಟ್ರೇ. ಎಷ್ಟು ಎಂದು ಹೇಳಿ."

ಅವನು ಕೋಲಿನಿಂದ ತಾಳ ತಟ್ಟಿದ. ಕೋಲನ್ನು ಗಾಳಿಯಲ್ಲಿ ಒಂದಿಷ್ಟು ತಡೆದು ಹಿಡಿದ. "ಇಷ್ಟು" ಎಂದ.

"ಇಷ್ಟೇ?" ಎಂದಳು ಆಕೆ. "ಇದನ್ನು ಹೇಳುವುದಕ್ಕೆ ಇಷ್ಟು ದಿನ ಬೇಕಾಯಿತೇ?"

ಅವನು ಕೋಲನ್ನು ಮಣೆಗೆ ತಟ್ಟಿದ. "ಇನ್ನೊಮ್ಮೆ" ಎಂದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕುಳಿತಿದ್ದ. "ಉತ್ಸವದ ದಿನ ಏನಾಯಿತು, ಗುರುಗಳೇ? ಆಕೆ ಸರಿಯಾಗಿ ಹಾಡಿದಳೇ?"

"ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ" ಎಂದರು ಗುರುಗಳು. "ಕುರ್ಚಿ ಅಲ್ಲಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾವ ದನಿ ಯಾರದು ಎಂದು ಬೇರ್ಪಡಿಸಲು ಕೇಳುವವರಿಗೆ ಆಗಲಿಲ್ಲ. ಆಕೆಯ ಸೊಸೆ ಮಾತ್ರ ಅತ್ತೆ ಎಲ್ಲಿ, ಅತ್ತೆ ಎಲ್ಲಿ ಎಂದು ಕೊನೆಯವರೆಗೂ ಕತ್ತು ಎತ್ತಿ ಹುಡುಕುತ್ತಿದ್ದಳು."

ಶಿಷ್ಯ ನಿಟ್ಟುಸಿರು ಬಿಟ್ಟ. ಬಂದಾಗಿನಿಂದ ಅವನ ಮುಖದಲ್ಲಿದ್ದ ಬಿಗಿ ಸಡಿಲವಾಯಿತು. "ತಿಳಿಯಿತು, ಗುರುಗಳೇ. ಚಪ್ಪಾಳೆ ಸಾಕು, ಹಿರಿಯರ ತಪ್ಪನ್ನು ಅವರಿಗೆ ಹೇಳಿ ಎಂದು ನಾಳೆಯೇ ಕಲಾಮಂದಿರದಲ್ಲಿ ಎಲ್ಲರಿಗೂ ಹೇಳುತ್ತೇನೆ" ಎಂದು ನಮಸ್ಕರಿಸಿ, ಹೊರಡಲು ತಾಳಗಳನ್ನು ಕೈಗೆತ್ತಿಕೊಂಡ.

ಗುರುಗಳು ಅವನ ಕೈಯಲ್ಲಿದ್ದ ತಾಳಗಳನ್ನು ನೋಡಿ ಹೇಳಿದರು: "ಬೆಳಿಗ್ಗೆ ನಾನು ಎರಡನೆಯ ಚರಣ ಬಿಟ್ಟು ಮೂರನೆಯದಕ್ಕೆ ಹೋದೆ, ನೀನು ತಾಳ ನಿಲ್ಲಿಸಲಿಲ್ಲ."