ಹಗೇವಿನೊಳಗಿನ ದನಿ

ಒಂದಾನೊಂದು ಕಾಲ ಅಂದರೆ, ಜೋಳವನ್ನ ಮನೆ ಮುಂದೆ ನೆಲದೊಳಗೆ ಹೂತಿಡತಿದ್ದ ಕಾಲ. ಮಡಕೆಯ ಹಾಗೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಆಳುದ್ದಕ್ಕಿಂತ ಆಳದ ಗುಂಡಿ, ಮೇಲೊಂದು ಚಪ್ಪಡಿ. ಅದಕ್ಕೆ ಹಗೇವು ಅಂತಿದ್ದರು. ಅಂಥ ಒಂದು ಊರಲ್ಲಿ ಉಜ್ಜಮ್ಮ ಅಂತ ಮುದುಕಿ ಇದ್ದಳಂತೆ. ಮಕ್ಕಳಿಲ್ಲ, ಆದರೆ ಅದೇ ಬೀದಿಯಲ್ಲಿ ಅಣ್ಣನ ಮೂರು ಹೆಣ್ಣುಮಕ್ಕಳು ಸಂಸಾರ ಮಾಡ್ಕೊಂಡಿದ್ದರು. ಮೂವರೂ ಒಳ್ಳೆಯವರೇ. ದಿನಾ ಹಾದುಹೋಗುವಾಗ ಅತ್ತೆ, ಊಟ ಆಯ್ತಾ ಅಂತ ಕೇಳೋರು, ಉತ್ತರ ಬರೋ ಹೊತ್ತಿಗೆ ತಿರುವು ದಾಟಿರೋರು. ಉಜ್ಜಮ್ಮನ ಓರಗೆಯವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು.

ಒಂದು ಮಟಮಟ ಮಧ್ಯಾಹ್ನ ಅಂಗಳ ಗುಡಿಸ್ತಾ, ಏನು ಬಿಸಿಲಪ್ಪಾ ಅಂದಳಂತೆ ತನ್ನಷ್ಟಕ್ಕೆ. ಖಾಲಿ ಹಗೇವಿನೊಳಗಿಂದ, ಹೂಂ, ಏನು ಬಿಸಿಲು ಅಂತ ದನಿ ಬಂತಂತೆ. ಪೊರಕೆ ಕೈಜಾರಿತು. ಆಮೇಲೆ ಧೈರ್ಯ ಮಾಡಿ ಸೊಂಟ ಹಿಡಕೊಂಡಿದೆ ಅಂದಳು, ಹೂಂ, ಹಿಡಕೊಂಡಿದೆ ಅಂತು. ಎಷ್ಟು ಮೆತ್ತಗಿನ ದನಿ ಅಂದರೆ, ಹೆದರಿ ಓಡಬೇಕಾದವಳು ಅಲ್ಲೇ ಕೂತುಬಿಟ್ಟಳಂತೆ. ಆಮೇಲೆ ದಿನಾ ಚಪ್ಪಡಿ ಪಕ್ಕ ಚಾಪೆ, ದಿನಾ ಆ ಚಪ್ಪಡಿಯನ್ನ ಒಂದೊಂದು ಬೆರಳಗಲ ಸರಿಸೋದು. ಕೊನೆಗೊಂದು ದಿನ ಅದು ಕೇಳಿತಂತೆ, ಮೇಲೆ ನಿನಗ್ಯಾರಿದಾರೆ? ಸಂದು ನಿನ್ನ ಭುಜದಗಲ ಆದ ದಿನ ಇಳಿದು ಬಂದುಬಿಡು.

ಇವಳು ಚಪ್ಪಡಿ ಜೊತೆ ನಗೋದನ್ನ ಕಂಡು ಅಣ್ಣನ ಮಕ್ಕಳಿಗೆ ದಿಗಿಲಾಯ್ತು. ದೊಡ್ಡವಳು, ಹಸಿವಿರಬೇಕು ಅಂತ ರೊಟ್ಟಿ ಪಲ್ಯ ಬಾಗಿಲಲ್ಲಿಟ್ಟು ಹೋದಳಂತೆ. ಉಜ್ಜಮ್ಮ ಅದನ್ನ ಹಗೇವಿಗೆ ಹಾಕಿದಳು, ಬಿದ್ದ ಸದ್ದೇ ಬರಲಿಲ್ಲವಂತೆ. ನಡುವಿನವಳು, ಮಾತಿಗೊಂದು ಜೀವ ಇರಲಿ ಅಂತ ಗಿಣಿ ತಂದು ಕಟ್ಟಿದಳು. ರಾಮ ರಾಮ ಅಂತಿದ್ದ ಗಿಣಿ ಮೂರನೇ ದಿನಕ್ಕೆ ಬರೀ ಹೂಂ ಅನ್ನೋಕೆ ಶುರುಮಾಡ್ತಂತೆ, ಅದೂ ಆ ಮೆತ್ತಗಿನ ದನಿಯಲ್ಲಿ.

ಆಮೇಲೆ ಬಂದಳು ಕಿರಿಯವಳು ಕೊಟ್ರಿ, ಬಾಯಿ ಬಲು ಜೋರು. ಅಷ್ಟು ಹೊತ್ತಿಗೆ ಸಂದು ಭುಜದಗಲ ಆಗೋಕೆ ಇನ್ನೊಂದೇ ಬೆರಳು ಬಾಕಿ. ಅತ್ತೆ, ನಮ್ಮ ಹಗೇವಿಗೆ ನೀರು ಹೊಕ್ಕಿದೆ, ಜೋಳ ಇಡೋಕೆ ನಿನ್ನದು ಬೇಕು, ಒಳಗಿಳಿದು ಗುಡಿಸ್ತೀನಿ, ನೀನು ಕೂಗು ಅಂದಳಂತೆ. ಆ ಕಾಲದ ರೂಢಿ ಅದು. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು, ಆರಿದರೆ ಒಳಗೆ ಕೆಟ್ಟ ಗಾಳಿ ಅಂತ, ಯಾರೂ ಇಳಿಯೋ ಹಾಗಿಲ್ಲ. ಇಳಿದವರ ಹೆಸರು ಹಿಡಿದು ಹಗೇವಿನ ಒಡತಿ ಕೂಗ್ತಾನೇ ಇರಬೇಕು, ಕೆಳಗಿನವರು ಓ ಅಂತಾನೇ ಇರಬೇಕು, ಓ ನಿಂತರೆ ತಕ್ಷಣ ಎಳೀಬೇಕು.

ನನ್ನ ಕೈಲಾಗಲ್ಲ ಕಣೇ ಅಂದಳು ಉಜ್ಜಮ್ಮ. ಆಗದಿದ್ದರೆ ನಾನು ಸಾಯ್ತೀನಿ, ಅಷ್ಟೇ ಅಂತ ಕೊಟ್ರಿ ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನ ಜೊತೆಗೆ ಬಂದಿದ್ದ ಅಕ್ಕಂದಿರ ಕೈಗೆ ಕೊಟ್ಟಳಂತೆ. ಚಪ್ಪಡಿ ಪೂರ್ತಿ ಸರಿಸಿ ದೀಪ ಬಿಟ್ಟರು. ಆರಲಿಲ್ಲ, ಆದರೆ ಯಾರೋ ಉಸಿರೆಳೆದುಕೊಂಡ ಹಾಗೆ ವಾಲಿತಂತೆ. ಕೊಟ್ರಿ ಇಳಿದೇಬಿಟ್ಟಳು.

ಉಜ್ಜಮ್ಮ ಕೊಟ್ರೀ ಅಂದರೆ, ಓ ಅಂತ ಬಂತು. ಎರಡನೇ ಸಲ ಕೂಗಿದಾಗ ಎರಡು ಓ ಬಂತಂತೆ. ಮೂರನೇ ಸಲ ಒಂದೇ, ಕೊಟ್ರಿಯ ದನಿಯೇ, ಆದರೆ ಮೆತ್ತಗೆ. ಅಕ್ಕಂದಿರು, ಓ ಅಂತಿದ್ದಾಳಲ್ಲ, ಬಿಡು ಅತ್ತೆ ಅಂದರು. ಆ ಮೆತ್ತಗಿನ ದನಿಯ ಗುರುತು ಉಜ್ಜಮ್ಮನಿಗೆ ಹತ್ತಿತು. ಬಗ್ಗಿ ಕೂಗಿದಳಂತೆ, ಏ ಕೊಟ್ರೀ, ನೀನು ಮಾಡೋ ಸಾರಿಗಿಂತ ಕಲಗಚ್ಚು ವಾಸಿ ಕಣೇ!

ಹೂಂ, ವಾಸಿ ಅಂತ ಬಂತು ಕೆಳಗಿಂದ.

ಎಳೀರೇ, ಅದು ನಮ್ಮ ಹುಡುಗಿ ಅಲ್ಲ, ನಮ್ಮ ಹುಡುಗಿ ಇಷ್ಟು ಸುಲಭಕ್ಕೆ ಒಪ್ಪೋಳಲ್ಲ ಅಂತ ಕಿರುಚಿ ತಾನೂ ಹಗ್ಗಕ್ಕೆ ಕೈ ಹಾಕಿದಳಂತೆ. ಕೆಳಗಿನಿಂದಲೂ ಯಾರೋ ಎಳೆದ ಹಾಗೆ ಹಗ್ಗ ಬಿಗೀತು. ನಾನಿಲ್ವಾ ನಿನಗೆ ಅಂತು ದನಿ. ಇದ್ದೀಯ, ನಾನಂದದ್ದನ್ನೇ ನೀನು ಅಂದು ಅಂದು ನನಗೆ ಸಾಕಾಗಿಹೋಗಿದೆ, ಬಿಡು ನಮ್ಮ ಹುಡುಗೀನ ಅಂದಳಂತೆ ಉಜ್ಜಮ್ಮ. ಕೆಳಗಿನ ಹಿಡಿತ ಸಡಿಲಾಯ್ತು, ಮೂವರೂ ಸೇರಿ ಹುಡುಗೀನ ಮೇಲೆಳೆದರು.

ಬೂದಿ ಬಣ್ಣಕ್ಕೆ ತಿರುಗಿದ್ದ ಕೊಟ್ರಿಯ ಮುಖಕ್ಕೆ ನೀರು ಚಿಮುಕಿಸಿದರೆ, ಕಣ್ಣು ಬಿಟ್ಟವಳೇ, ನನ್ನ ಸಾರಿಗೇನಾಗಿದೆ ಅಂತ ಕೇಳಿದಳಂತೆ.

ಆಮೇಲೆ ಆರು ಗಾಡಿ ಮಣ್ಣು ಸುರಿದು ಹಗೇವು ಮುಚ್ಚಿದರು. ಒಂದೊಂದು ಗಾಡಿಗೂ ಒಳಗಿಂದ ಹೂಂ ಅಂತಿತ್ತಂತೆ, ಆರನೆಯದಕ್ಕೆ ಅನ್ನಲಿಲ್ಲ. ಜೋಳ ಎಲ್ಲಿಟ್ಟರು ಅಂತ ಕೇಳಬೇಡ, ಕೊಟ್ರಿಯ ಹಗೇವಿಗೆ ನೀರೇ ಹೊಕ್ಕಿರಲಿಲ್ಲ. ಮಾರನೇ ದಿನದಿಂದ ಉಜ್ಜಮ್ಮ ಕೊಟ್ರಿಯ ಒಲೆ ಮುಂದೆ ಹಾಜರು. ಹುಣಸೆ ಜಾಸ್ತಿಯಾಯ್ತು ಅಂತ ಇವಳು, ನಿನ್ನ ನಾಲಿಗೆಯೇ ಹುಳಿ ಅತ್ತೆ ಅಂತ ಅವಳು, ತೀರ್ಪು ಹೇಳೋಕೆ ತಟ್ಟೆ ಹಿಡಕೊಂಡು ಅಕ್ಕಂದಿರು. ಆ ಗಲಾಟೆಗೆ ಬೀದಿಯಲ್ಲಿ ಮಧ್ಯಾಹ್ನ ಒಬ್ಬರಿಗೂ ನಿದ್ದೆ ಇಲ್ಲವಂತೆ. ಅವರ ಜಗಳ ಇವತ್ತಿಗೂ ಮುಗಿದಿಲ್ಲ, ಕತೆ ಮಾತ್ರ ಮುಗೀತು. ಮಗ್ಗುಲಾಗು, ಮಲಕ್ಕೊ.