ಗಾಜಿನ ಕೆಫೆಯ ಹೊಟ್ಟೆಕಿಚ್ಚು

ದಾವಣಗೆರೆಯ ಹಳೇ ಪೇಟೆಬೀದಿಗೆ ಹೊಸ ಕಲ್ಲು ಹಾಸಿದರು. ಚನ್ನವೀರಪ್ಪನವರ ಗಾಜಿನ ಕೆಫೆಯೂ ಬಂತು. ಓಣಿಯ ಜನ ಮಾತ್ರ ಎದುರಿನ ಹೊಂಗೆ ಮರದಡಿ, ಇಸ್ತ್ರಿಯವನ ಗಾಡಿಯ ಸುತ್ತಲೇ ಹರಟುತ್ತಿದ್ದರು. ಚನ್ನವೀರಪ್ಪನವರಿಗೆ ಹೊಟ್ಟೆ ಉರಿಯಿತು.

"ಏನಯ್ಯಾ, ಬೀದಿಯ ಅಂದ ಕೆಡಿಸ್ತೀಯ. ನಾಳೆಯಿಂದ ಗಾಡಿ ಇಲ್ಲಿರಕೂಡದು!"

"ಆಗಲಿ ಸಾಹುಕಾರ್ರೇ," ಎಂದ ಇಸ್ತ್ರಿಯವ. ಹರಟೆಯವರಿಗೆ ಹೇಳಿದ: "ಇನ್ನು ಸಾಹುಕಾರ್ರ ಹತ್ರ ಕೂತ್ಕೊಳ್ಳಿ. ನೀವು ಬರಲಿ ಅಂತ ಅವರಿಗೆ ಬಲು ಆಸೆ."

ಮರುದಿನ ಬೆಳಿಗ್ಗೆಯೇ ಕೆಫೆ ತುಂಬಿತು. ಎಲ್ಲರದೂ ಬೈಟು ಕಾಫಿ. ಸಂಜೆಯಾದರೂ ಒಬ್ಬರೂ ಏಳಲಿಲ್ಲ. ಬೇರೆ ಗಿರಾಕಿಗಳು ಬಾಗಿಲಿಂದಲೇ ವಾಪಸಾದರು.

ಚನ್ನವೀರಪ್ಪನವರು ಇಸ್ತ್ರಿಯವನ ಮನೆಗೇ ಓಡಿದರು. "ಮಾರಾಯ, ಗಾಡಿ ತಂದು ಅಲ್ಲೇ ನಿಲ್ಲಿಸಪ್ಪಾ!"

"ತರ್ತೀನಿ. ಆದರೆ ನಿಮ್ಮ ಕೆಫೆಯ ಏಸಿ ತಂಪು ಬಿಟ್ಟು ಅವರು ಏಳಬೇಕಲ್ಲ? ಮರದಡಿಗೂ ಒಂದು ಫ್ಯಾನ್ ಹಾಕಿಸಿ. ವಯರು ನಿಮ್ಮ ಕೆಫೆಯಿಂದಲೇ ಎಳೆದರಾಯ್ತು."