ಬೀರುವಿನೊಳಗಿನ ಇಂಟರ್ನೆಟ್

ಹಾಲಿನ ಸೊಸೈಟಿಗೆ ಫೋನ್ ತಂತಿಯ ಇಂಟರ್ನೆಟ್ ಬಂತು. ಹೊಸ ರೂಟರ್ ಕಳ್ಳರ ಪಾಲಾದೀತೆಂದು ಮ್ಯಾನೇಜರ್ ಶಂಭುಲಿಂಗಪ್ಪನವರು ಅದನ್ನು ಕಬ್ಬಿಣದ ಬೀರುವಿನೊಳಗಿಟ್ಟು, ಸಂದಿಯಲ್ಲಿ ತಂತಿ ತೂರಿಸಿ, ಬೀಗ ಜಡಿದರು. ಬೀರು ದಾಟಿ ಸಿಗ್ನಲ್ ಹೊರಬರಲಿಲ್ಲ.

ಗುಮಾಸ್ತ ನಿಂಗರಾಜುವನ್ನು ಕರೆದು ಗದರಿದರು: “ನಾಳೆ ಅಧ್ಯಕ್ಷರು ಉದ್ಘಾಟನೆಗೆ ಬರ್ತಾರೆ. ಅಷ್ಟರಲ್ಲಿ ನೆಟ್ ಬರದಿದ್ರೆ ನೀನು ಮನೆಗೆ.”

ನಿಂಗರಾಜುವಿನ ಅಂಗೈ ಬೆವೆತಿತು. ತಪ್ಪು ಸಾಹೇಬರದೆಂದು ಹೇಳಿದವರು ಯಾರೂ ಆ ಆಫೀಸಿನಲ್ಲಿ ಉಳಿದಿರಲಿಲ್ಲ. ಮೆಲ್ಲಗೆ ಕೇಳಿದ: “ಸಾರ್, ಹಾರ ಬೀರುಗೇ ಹಾಕೋದಾ? ಅಧ್ಯಕ್ಷರು ಹಳೇ ಬೀರು ಉದ್ಘಾಟಿಸಿದ್ರು ಅಂತ ಪೇಪರ್‌ನವರು ಫೋಟೋ ಹಾಕ್ಬಿಟ್ರೆ?”

ಈಗ ಬೆವರಿದವರು ಶಂಭುಲಿಂಗಪ್ಪನವರು. ತಾವೇ ಬೀಗ ತೆಗೆದು, ರೂಟರನ್ನು ಗಣಪತಿ ಪಟದ ಪಕ್ಕಕ್ಕೇರಿಸಿ, ಗಣಪತಿಯ ಹಾರವನ್ನೇ ಅದಕ್ಕೆ ತೊಡಿಸಿ ನೋಡಿದರು. ನೆಟ್ ಬಂತು.

“ನೋಡ್ದೇನಯ್ಯಾ, ನಿನ್ನ ಕೈಲಾಗದ್ದು ಹಾರದಿಂದ ಆಯ್ತು.”

“ಹೌದು ಸಾರ್.”

ಹಾರ ಒಣಗಿ ಕಡ್ಡಿಯಾಗಿದೆ. ತೆಗೆದರೆ ನೆಟ್ ಹೋದೀತೆಂಬ ಭಯಕ್ಕೆ ಸಾಹೇಬರು ಇಂದಿಗೂ ಅದನ್ನು ಮುಟ್ಟಿಲ್ಲ.